ಮುರಿದ ಪಾಟಾ: ಹೊಸದು ತರುವ ಮುಂಚೆ ಮುರಿದ ಜಾಗ ನೋಡಿ

ಪ್ರಶ್ನೆ: ನಮ್ಮದು ಮುಧೋಳ ತಾಲ್ಲೂಕಿನ ಹಳ್ಳಿ. 2009ರ ಪಿಕಪ್ ಇದೆ. ಗೊಬ್ಬರ, ಈರುಳ್ಳಿ, ಕಬ್ಬಿನ ಬೀಜ ಸಾಗಿಸುತ್ತೇನೆ. ಹೋದ ವಾರ ಹಿಂದಿನ ಎಡಗಡೆ ಪಾಟಾ (ಲೀಫ್ ಸ್ಪ್ರಿಂಗಿನ ಉಕ್ಕಿನ ಪಟ್ಟಿ) ಮುರಿಯಿತು, ಮೇಲಿನಿಂದ ಎರಡನೇದು. ಎರಡು ವರ್ಷದಲ್ಲಿ ಇದು ಮೂರನೇ ಸಲ, ಮೂರೂ ಸಲ ಅದೇ ಕಡೆ. ಒಬ್ಬರು ವೆಲ್ಡಿಂಗ್ ಮಾಡಿಸಿ ಅಂತಾರೆ. ಇನ್ನೊಬ್ಬರು ಮುರಿದ ಪಾಟಾ ಒಂದೇ ಹಾಕಿದ್ರೆ ಸಾಕು ಅಂತಾರೆ. ಮತ್ತೊಬ್ಬರು ದಪ್ಪನೆಯದು ಒಂದು ಜಾಸ್ತಿ ಸೇರಿಸಿ, ಜನ್ಮದಲ್ಲಿ ಮುರಿಯೋದಿಲ್ಲ ಅಂತಾರೆ. ಯಾರ ಮಾತು ಕೇಳಲಿ? ಮನೆ ಮುಂದೆ ನಾನೇ ಬದಲಾಯಿಸಬಹುದಾ? ಫೋಟೋ ಕಳಿಸಿದ್ದೇನೆ.

ಉತ್ತರ: ನೀವು ಕೇಳಿದ್ದು ಪಾಟಾ ಬಗ್ಗೆ. ಫೋಟೋದಲ್ಲಿ ನಾನು ಮೊದಲು ನೋಡಿದ್ದು ಯು ಬೋಲ್ಟ್, ಅಂದರೆ ಪಾಟಾಗಳ ಕಟ್ಟನ್ನು ಗಾಲಿಯ ಆಕ್ಸಲ್ಲಿಗೆ ಒತ್ತಿ ಬಿಗಿಯುವ U ಆಕಾರದ ಬೋಲ್ಟ್. ಅದರ ಪ್ಲೇಟಿನ ಅಂಚಿನಲ್ಲಿ ಕುಂಕುಮ ಸವರಿದ ಹಾಗೆ ಕೆಂಪು ಪುಡಿ ಕಾಣುತ್ತಿದೆ. ಅದು ರಸ್ತೆ ಧೂಳಲ್ಲ. ನಿಮ್ಮ ಕಡೆಯದು ಎರಿ ಮಣ್ಣು, ಧೂಳು ಕಪ್ಪಗಿರುತ್ತದೆ. ಈ ಕೆಂಪು ಪುಡಿ ಕಬ್ಬಿಣಕ್ಕೆ ಕಬ್ಬಿಣ ತಿಕ್ಕಿ ಉದುರಿದ ತುಕ್ಕು. ಯು ಬೋಲ್ಟ್ ಬಿಗಿಯಾಗಿದ್ದರೆ ಅಲ್ಲಿ ಯಾವುದೂ ಅಲುಗಾಡಬಾರದು. ಅಲುಗಾಡದಿದ್ದರೆ ಪುಡಿ ಎಲ್ಲಿಂದ ಬರಬೇಕು?

ಎರಡನೇ ಫೋಟೋದಲ್ಲಿ ಮುರಿದ ತುಂಡಿದೆ. ಪಾಟಾಗಳನ್ನೆಲ್ಲ ನಡುವೆ ಪೋಣಿಸುವ ಸೆಂಟರ್ ಬೋಲ್ಟ್ ತೂರುವ ತೂತಿನ ಮೇಲೇ ಅಡ್ಡಡ್ಡ ಮುರಿದಿದೆ. ಮುರಿದ ಮೈಯಲ್ಲಿ ಎರಡು ಬಣ್ಣ ಇವೆ, ಗಮನಿಸಿದಿರಾ? ತೂತಿನ ಪಕ್ಕದ ಅರ್ಧ ಭಾಗ ಕಪ್ಪಗೆ, ನುಣ್ಣಗೆ ಇದೆ. ಉಳಿದ ಅರ್ಧ ಸಕ್ಕರೆ ಹರಳಿನ ಹಾಗೆ ಹೊಳೆಯುತ್ತಿದೆ. ಹೊಳೆಯುವ ಭಾಗ ಹೋದ ವಾರ ಮುರಿದದ್ದು. ಕಪ್ಪು ಭಾಗ ಅದಕ್ಕಿಂತ ಎಷ್ಟೋ ದಿನ ಮೊದಲೇ ಬಿರುಕು ಬಿಟ್ಟಿತ್ತು. ಅಂದರೆ ಯಾವುದೋ ಒಂದು ಗುಂಡಿಗೆ ಇಳಿದಿದ್ದಕ್ಕೆ ಇದು ಮುರಿದಿಲ್ಲ. ಬಿರುಕು ದಿನಾ ಕೂದಲೆಳೆಯಷ್ಟು ಮುಂದಕ್ಕೆ ಹೋಗುತ್ತಾ ಇತ್ತು. ಉಳಿದ ಅರ್ಧಕ್ಕೆ ಹೊರೆ ತಡೆಯಲಾಗದ ದಿನ ಠಪ್ ಅಂದಿದೆ.

ಹಾಗಾಗಿ ನಿಮಗೆ ಸಲಹೆ ಕೊಟ್ಟ ಮೂರೂ ಜನರ ಮಾತು ಈಗ ಬೇಡ. ಮೂವರೂ ಏನು ಹಾಕಬೇಕು ಅಂತ ಹೇಳಿದರು, ಯಾಕೆ ಮುರಿಯಿತು ಅಂತ ಯಾರೂ ಕೇಳಲಿಲ್ಲ. ಕಾರಣ ಹಾಗೇ ಬಿಟ್ಟು ಚಿನ್ನದ ಪಾಟಾ ಹಾಕಿದರೂ ನಾಲ್ಕನೇ ಸಲ ಮುರಿಯುತ್ತದೆ.

ಪಾಟಾ ಮುರಿಯುವ ಜಾಗಗಳು ಮೂರ್ನಾಲ್ಕು ಅಷ್ಟೇ. ಒಂದೊಂದು ಜಾಗಕ್ಕೂ ಅದರದೇ ಕಾರಣ ಇರುತ್ತದೆ. ನಿಮ್ಮ ಹಾಗೆ ನಡುವಿನ ತೂತಿನ ಮೇಲೆ ಮುರಿದರೆ ಬಹುತೇಕ ಸಲ ಯು ಬೋಲ್ಟ್ ಸಡಿಲ ಇರುತ್ತದೆ. ಪಾಟಾ ಸೆಟ್‌ನಲ್ಲಿ ಬಾಗುವ ಒತ್ತಡ ಎಲ್ಲಕ್ಕಿಂತ ಜಾಸ್ತಿ ಬೀಳೋದು ನಡುವೆ. ತೂತು ಕೊರೆದು ಅಲ್ಲೇ ಉಕ್ಕು ಕಡಿಮೆ ಮಾಡಿರುತ್ತಾರೆ. ಎರಡು ಯು ಬೋಲ್ಟ್ ಸೇರಿ ಆ ಜಾಗವನ್ನು ಆಕ್ಸಲ್‌ಗೆ ಒತ್ತಿ ಹಿಡಿದಿದ್ದರೆ ಅದು ಬಾಗುವುದೇ ಇಲ್ಲ, ಬಾಗುವ ಕೆಲಸವೆಲ್ಲ ಆಚೀಚೆ ನಡೆಯುತ್ತದೆ. ಬೋಲ್ಟ್ ಸಡಿಲಾದ ದಿನದಿಂದ ತೂತಿನ ಜಾಗವೂ ಬಾಗಲು ಶುರು ಮಾಡುತ್ತದೆ. ಕಾಗದವನ್ನು ತೂತು ಇದ್ದಲ್ಲೇ ಮಡಚಿ ಮಡಚಿ ಬಿಚ್ಚಿದರೆ ಎಲ್ಲಿ ಹರಿಯುತ್ತದೆ, ಹೇಳಿ.

ಯು ಬೋಲ್ಟ್ ಪ್ಲೇಟಿನ ಅಂಚಿಗೆ ಸರಿಯಾಗಿ ಮುರಿದಿದ್ದರೆ ಅದು ಹೊರೆ ಜಾಸ್ತಿಯಾದದ್ದು, ಇಲ್ಲವೇ ವಯಸ್ಸಾದದ್ದು. ತುದಿಯ ಸುರುಳಿ ಹತ್ತಿರ ಮುರಿದಿದ್ದರೆ ಸುರುಳಿಯೊಳಗಿನ ಬುಷ್ (ರಬ್ಬರ್ ಅಥವಾ ಲೋಹದ ಕೊಳವೆ) ಸವೆದಿದೆ ಅಥವಾ ಶ್ಯಾಕಲ್ ತುಕ್ಕು ಹಿಡಿದು ಕಚ್ಚಿಕೊಂಡಿದೆ. ಶ್ಯಾಕಲ್ ಅಂದರೆ ಹಿಂದಿನ ತುದಿಯಲ್ಲಿ ಜೋಕಾಲಿ ಹಾಗೆ ತೂಗುವ ಜೋಡಿ ಪಟ್ಟಿ. ಹೊರೆ ಬಿದ್ದಾಗ ಬಾಗಿದ ಪಾಟಾ ನೆಟ್ಟಗಾಗುತ್ತದೆ, ನೆಟ್ಟಗಾದರೆ ಉದ್ದ ಬೆಳೆಯುತ್ತದೆ. ಬೆಳೆದ ಉದ್ದಕ್ಕೆ ಜಾಗ ಕೊಡೋದೇ ಈ ಜೋಕಾಲಿ. ಅದು ಕಚ್ಚಿಕೊಂಡರೆ ಪಾಟಾ ಎರಡೂ ಕಡೆ ಕಟ್ಟಿಹಾಕಿದ ಹಾಗೆ. ಇನ್ನು ಮೇಲಿನ ಮೇನ್ ಪಾಟಾ ಒಂದೇ ಮುರಿದು ಕೆಳಗಿನವು ಗಟ್ಟಿಯಾಗಿದ್ದರೆ ಪಾಟಾಗಳನ್ನು ಪಕ್ಕದಿಂದ ಸೇರಿಸಿ ಹಿಡಿಯುವ ಕ್ಲಿಪ್ ನೋಡಿ. ಕ್ಲಿಪ್ ಬಿದ್ದುಹೋಗಿರುತ್ತದೆ.

ಕ್ಲಿಪ್ ವಿಷಯ ನಮ್ಮ ಜಿಲ್ಲೆಯವರು ಸ್ವಲ್ಪ ಜಾಸ್ತಿ ತಿಳಿದುಕೊಂಡಿರಬೇಕು. ಎರಿ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಅದರ ಮೇಲೆ ಹಾಸಿದ ಡಾಂಬರು ಎರಡು ಮೂರು ವರ್ಷಕ್ಕೆ ಅಲೆ ಅಲೆಯಾಗುತ್ತದೆ. ಗುಂಡಿ ಇರಲ್ಲ, ನೋಡಲು ರಸ್ತೆ ಚೆನ್ನಾಗೇ ಇರುತ್ತದೆ. ಗಾಡಿ ಮಾತ್ರ ದೋಣಿ ಹಾಗೆ ಏರಿ ಇಳಿಯುತ್ತದೆ. ಬಾಡಿ ಮೇಲಕ್ಕೆ ಹಾರಿದಾಗ ಆಕ್ಸಲ್ಲಿನ ಭಾರ ಪಾಟಾಕ್ಕೆ ಜೋತು ಬೀಳುತ್ತದೆ. ಆಗ ಕ್ಲಿಪ್ ಇದ್ದರೆ ಕೆಳಗಿನ ಪಾಟಾಗಳೂ ಮೇನ್ ಪಾಟಾ ಜೊತೆ ಕೈ ಜೋಡಿಸುತ್ತವೆ. ಕ್ಲಿಪ್ ಇಲ್ಲದಿದ್ದರೆ ಅವು ಬಿಟ್ಟುಕೊಂಡು ಕೆಳಗೇ ನಿಲ್ಲುತ್ತವೆ, ಮೇನ್ ಪಾಟಾ ಒಂದೇ ಎಲ್ಲ ಹೊರುತ್ತದೆ. ಹಳೇ ಗಾಡಿಗಳಲ್ಲಿ ಕ್ಲಿಪ್ ಬಿದ್ದರೆ ಯಾರೂ ಹುಡುಕುವುದಿಲ್ಲ, ಶಬ್ದ ನಿಂತಿತಲ್ಲ ಅಂತ ಖುಷಿಪಡುತ್ತಾರೆ.

ಈಗ ನಿಮಗೆ ಬಂದ ಸಲಹೆಗಳಿಗೆ ಬರೋಣ.

ವೆಲ್ಡಿಂಗ್ ಬೇಡವೇ ಬೇಡ. ನಿಮ್ಮೂರ ಕಂಬಾರರನ್ನು ಕೇಳಿ, ನನಗಿಂತ ಚೆನ್ನಾಗಿ ಹೇಳುತ್ತಾರೆ. ಅವರು ಕೊಡಲಿ, ಕುಡಗೋಲು, ಕುರ್ಪಿಗೆ ಲಾರಿ ಪಾಟಾನೇ ಯಾಕೆ ಹುಡುಕುತ್ತಾರೆ? ಅದರಲ್ಲಿ ಕಾರ್ಬನ್ ಜಾಸ್ತಿ, ಸುಮಾರು ನೂರಕ್ಕೆ ಅರ್ಧ ಭಾಗದಿಂದ 0.6 ಭಾಗದವರೆಗೆ. ಕೆಂಪಗೆ ಕಾಯಿಸಿ ಅದ್ದಿದರೆ ಗಾಜಿನ ಹಾಗೆ ಗಟ್ಟಿಯಾಗುತ್ತದೆ, ಬಾಯಿ ಚೂಪಾಗಿ ನಿಲ್ಲುತ್ತದೆ. ಆದರೆ ಅದ್ದಿ ಹಾಗೇ ಬಿಟ್ಟರೆ ಕಲ್ಲಿಗೆ ತಾಗಿದ ಕೂಡಲೇ ಸಿಡಿಯುತ್ತದೆ. ಅದಕ್ಕೇ ಕಂಬಾರರು ಮತ್ತೆ ಸ್ವಲ್ಪ ಕಾಯಿಸಿ ಹದ ಮಾಡುತ್ತಾರೆ. ಪಾಟಾ ಕೂಡ ಕಾರ್ಖಾನೆಯಲ್ಲಿ ಹೀಗೇ ಹದಕ್ಕೆ ಬಂದದ್ದು. ವೆಲ್ಡಿಂಗ್ ಮಾಡಿದಾಗ ಜೋಡಣೆಯ ಪಕ್ಕದ ಉಕ್ಕು ಬೆಳ್ಳಗೆ ಕಾಯುತ್ತದೆ. ಸುತ್ತಲಿನ ತಣ್ಣನೆ ಉಕ್ಕು ಅದನ್ನು ನೀರಿಗೆ ಅದ್ದಿದ ಹಾಗೇ ಸರ್ ಅಂತ ತಣಿಸುತ್ತದೆ. ಅಲ್ಲಿ ಗಾಜಾಯಿತು. ಅದರ ಆಚೆ ಒಂದೆರಡು ಬೆರಳು ದೂರದಲ್ಲಿ ಹದ ಇಳಿದು ಮೆತ್ತಗಾಯಿತು. ಗಾಜು, ಮೇಣ ಎರಡೂ ಒಂದೇ ಪಟ್ಟಿಯಲ್ಲಿ. ಎರಡನೇ ಟ್ರಿಪ್‌ಗೆ ವೆಲ್ಡಿಂಗ್ ಗಟ್ಟಿಯಾಗೇ ಇರುತ್ತದೆ, ಅದರ ಪಕ್ಕದಲ್ಲಿ ಮುರಿದಿರುತ್ತದೆ. ಇನ್ನೊಂದು ಮಾತು: ಬಾಡಿಗೋ ಚಾಸಿಗೋ ವೆಲ್ಡಿಂಗ್ ಮಾಡಿಸುವಾಗ ಅರ್ಥ್ ಕ್ಲ್ಯಾಂಪನ್ನು ಪಾಟಾಕ್ಕೆ ಹಾಕಲು ಬಿಡಬೇಡಿ. ಒಂದು ಕಿಡಿ ತಾಗಿದ ಚುಕ್ಕೆಯಿಂದಲೂ ಬಿರುಕು ಹುಟ್ಟುತ್ತದೆ.

ದಪ್ಪ ಪಾಟಾ ಸೇರಿಸಿ ಅನ್ನುವವರ ಮಾತಿಗೆ ಸ್ವಲ್ಪ ಲೆಕ್ಕ ಮಾಡಬೇಕು. ಪಾಟಾದ ಅಗಲ ಎರಡು ಪಟ್ಟಾದರೆ ಗಟ್ಟಿತನವೂ ಎರಡು ಪಟ್ಟು. ದಪ್ಪದ ಲೆಕ್ಕ ಹಾಗಲ್ಲ. ದಪ್ಪವನ್ನು ದಪ್ಪದಿಂದಲೇ ಗುಣಿಸಿ, ಬಂದದ್ದನ್ನು ಮತ್ತೆ ದಪ್ಪದಿಂದ ಗುಣಿಸಬೇಕು. ಏಳು ಮಿಲಿಮೀಟರಿನ ಪಾಟಾಕ್ಕೆ 7 × 7 × 7, ಅಂದರೆ 343. ಎಂಟರದ್ದಕ್ಕೆ 512. ಒಂದೇ ಒಂದು ಮಿಲಿಮೀಟರ್ ದಪ್ಪ ಜಾಸ್ತಿಯಾದರೆ ಆ ಪಾಟಾ ಒಂದೂವರೆ ಪಟ್ಟು ಬಿರುಸಾಗುತ್ತದೆ. ಸೆಟ್‌ನಲ್ಲಿರುವ ಪಾಟಾಗಳೆಲ್ಲ ಜೊತೆಯಲ್ಲೇ ಬಾಗಬೇಕು. ಅಷ್ಟೇ ಬಾಗುವಾಗ ದಪ್ಪನೆಯದರ ಮೈಮೇಲೆ ಎಳೆತ ಉಳಿದವಕ್ಕಿಂತ ಜಾಸ್ತಿ. ಹಾಗಾಗಿ ಜನ್ಮದಲ್ಲಿ ಮುರಿಯೋದಿಲ್ಲ ಅಂತ ಹಾಕಿದ್ದೇ ಮೊದಲು ಮುರಿಯುತ್ತದೆ. ಅದು ಮುರಿಯದಿದ್ದರೆ ಇನ್ನೂ ಕೆಟ್ಟದ್ದು. ಪಾಟಾ ನುಂಗಬೇಕಾದ ಏಟು ಆಗ ಆಕ್ಸಲ್, ಬೇರಿಂಗ್, ಪಾಟಾದ ತುದಿ ಹಿಡಿಯುವ ಚಾಸಿಯ ಹ್ಯಾಂಗರ್‌ಗೆ ಹೋಗುತ್ತದೆ. ಹ್ಯಾಂಗರ್ ಹತ್ತಿರ ಚಾಸಿ ಬಿರಿದ ಹಳೇ ಪಿಕಪ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ. ಎಷ್ಟೋ ಗಾಡಿಗಳಲ್ಲಿ ಎರಡು ಪಾಟಾ ಜಾಸ್ತಿ ಇದ್ದವು.

ಪಾಟಾ ಸೇರಿಸಿದರೆ ಆರ್‌ಸಿಯಲ್ಲಿ ಬರೆದ ತೂಕ ಬದಲಾಗುವುದಿಲ್ಲ ಅನ್ನೋದನ್ನೂ ನೆನಪಿಡಿ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಲ್ಲಿ ಓವರ್‌ಲೋಡಿಗೆ ಬರೆದ ದಂಡ 20,000 ರೂಪಾಯಿ, ಮೇಲೆ ಟನ್ನಿಗೆ 2,000. ನಾನು ನಿಮಗೆ ಬುದ್ಧಿ ಹೇಳುತ್ತಿಲ್ಲ. ಕಬ್ಬಿನ ಸೀಸನ್‌ನಲ್ಲಿ ಯಾರು ಎಷ್ಟು ಹೇರುತ್ತಾರೆ ಅಂತ ನನಗೂ ಗೊತ್ತು, ನಿಮಗೂ ಗೊತ್ತು.

ಉಳಿದದ್ದು ಮುರಿದದ್ದು ಒಂದೇ ಹಾಕಿ ಅಂದವರ ಮಾತು. ಇದು ಪೂರ್ತಿ ತಪ್ಪಲ್ಲ. ಗಾಡಿ ನಾಲ್ಕೈದು ವರ್ಷದ್ದಾಗಿದ್ದು, ಸೆಟ್‌ನ ಬಾಗು ಇನ್ನೂ ಚೆನ್ನಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ನಿಮ್ಮದು 2009ರದ್ದು. ಹಳೇ ಪಾಟಾಗಳು ಬಾಗು ಕಳೆದುಕೊಂಡು ಕೂತುಬಿಟ್ಟಿವೆ. ಅವುಗಳ ನಡುವೆ ಹೊಸದೊಂದು ಹಾಕಿದರೆ ಅದರ ಬಾಗು ಜಾಸ್ತಿ, ಉಳಿದವರ ಪಾಲಿನ ಹೊರೆಯನ್ನೂ ಅದೇ ಹೊರುತ್ತದೆ. ಸೋಮಾರಿಗಳ ಮನೆಗೆ ಬಂದ ಹೊಸ ಸೊಸೆ ಹಾಗೆ. ಹೋದ ಎರಡು ಸಲ ನಿಮಗೆ ಆಗಿದ್ದೂ ಇದೇ ಇರಬೇಕು: ಸಡಿಲ ಯು ಬೋಲ್ಟ್ ಒಂದು ಕಡೆ, ಹಳೇ ಸೆಟ್‌ನಲ್ಲಿ ಒಂಟಿ ಹೊಸ ಪಾಟಾ ಇನ್ನೊಂದು ಕಡೆ.

ಬಡಿದು ಬಾಗು ಕೊಡಿಸಬಹುದಲ್ಲ ಅಂತ ಮುಂದಿನ ಪ್ರಶ್ನೆ ಬರುತ್ತದೆ. ನಾನೂ ವರ್ಷಗಟ್ಟಲೆ ಬಡಿದಿದ್ದೇನೆ, ಅದೇ ಹೊಟ್ಟೆಪಾಡಾಗಿತ್ತು. ಕೂತ ಪಾಟಾ ತಣ್ಣಗೇ ಬಡಿದರೆ ಬಾಗು ಬರುತ್ತದೆ, ಗಾಡಿ ಎರಡಿಂಚು ಏಳುತ್ತದೆ, ಗಿರಾಕಿ ಖುಷಿ. ಕೆಲವು ತಿಂಗಳಿಗೆ ಮತ್ತೆ ಕೂರುತ್ತದೆ. ಅದಕ್ಕಿಂತ ಹೆಚ್ಚಿನ ತೊಂದರೆ ಸುತ್ತಿಗೆಯ ಗುರುತು. ಏಟು ಬೀಳೋದು ಪಾಟಾದ ಒಳಬಾಗಿನ ಮೈಮೇಲೆ, ಅಂದರೆ ಮೇಲ್ಮೈ. ಹೊರೆ ಬಿದ್ದಾಗ ಎಳೆತ ಬೀಳೋದೂ ಅದೇ ಮೈಮೇಲೆ. ಸುತ್ತಿಗೆ ಅಂಚು ತಾಗಿದ ಒಂದೊಂದು ಗೀರೂ ಬಿರುಕಿಗೆ ಬಾಗಿಲು. ಈಗ ನಾನು ಬಡಿಯುವುದನ್ನು ಬಿಟ್ಟಿದ್ದೇನೆ. ವಿಜಯಪುರದಲ್ಲಿ ಗೋಳಗುಮ್ಮಟದ ಹತ್ತಿರ ನಿಲ್ಲುವ ಟಾಂಗಾಗಳಿಗೂ ಪಾಟಾನೇ ಇರೋದು, ನೋಡಿದ್ದೀರಲ್ಲ. ಅದಕ್ಕೆ ಬಡಿದು ಕೊಟ್ಟರೆ ನಡೆಯುತ್ತದೆ. ಹೊರೆ ನಾಲ್ಕು ಜನ, ಓಟ ಕುದುರೆ ಓಟ. ಒಂದು ಟನ್ ಈರುಳ್ಳಿ ಹೇರಿ ಅರವತ್ತರಲ್ಲಿ ಓಡುವ ಗಾಡಿಗೆ ಅಲ್ಲ.

ಹಾಗಾದರೆ ನಾನು ಹೇಳೋದು: ಹಿಂದಿನ ಎರಡೂ ಕಡೆ ಪೂರ್ತಿ ಸೆಟ್ ಹೊಸದು, ಎರಡೂ ಕಡೆ ಹೊಸ ಯು ಬೋಲ್ಟ್, ನಟ್, ಸೆಂಟರ್ ಬೋಲ್ಟ್, ಬುಷ್, ಶ್ಯಾಕಲ್ ಪಿನ್. ಬಲಗಡೆ ಮುರಿದಿಲ್ಲವಲ್ಲ ಅನ್ನಬೇಡಿ. ಅದೂ ಅಷ್ಟೇ ವರ್ಷ, ಅಷ್ಟೇ ಹೊರೆ ಹೊತ್ತಿದೆ. ಒಂದೇ ಕಡೆ ಹೊಸದು ಹಾಕಿದರೆ ಗಾಡಿ ಒಂದು ಕಡೆ ವಾಲಿ ನಿಲ್ಲುತ್ತದೆ, ಟೈರ್ ಒಂದೇ ಕಡೆ ಸವೆಯುತ್ತದೆ. ಹಣದ ತೊಂದರೆ ಇದ್ದರೆ ಎರಡೂ ಕಡೆ ಮೇಲಿನ ಎರಡೆರಡು ಪಾಟಾ ಹೊಸದು ಹಾಕಿ ಒಂದು ಸೀಸನ್ ನೂಕಬಹುದು. ಯು ಬೋಲ್ಟ್‌ನಲ್ಲಿ ಮಾತ್ರ ಉಳಿತಾಯ ಬೇಡ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಈ ತಪ್ಪು ನಾನೇ ಮಾಡಿದ್ದೇನೆ. ಅಂಗಡಿ ಹಾಕಿದ ಹೊಸತು. ಕಲಾದಗಿಯಿಂದ ಬೆಳಗಾವಿಗೆ ಚಿಕ್ಕು ಒಯ್ಯುವ ಒಂದು ಪಿಕಪ್‌ಗೆ ಹೊಸ ಸೆಟ್ ಹಾಕಿದೆ. ಯು ಬೋಲ್ಟ್ ನೋಡಲು ಚೆನ್ನಾಗಿದ್ದವು, ವೈರ್ ಬ್ರಷ್ ಹೊಡೆದು ಅವನ್ನೇ ಬಿಗಿದೆ. ಮೂರನೇ ದಿನ ರಾತ್ರಿ ಲೋಕಾಪುರ ದಾಟಿದ ಮೇಲೆ ಗಾಡಿ ಏಡಿ ಹಾಗೆ ಓರೆಯಾಗಿ ಓಡಲು ಶುರುವಾಯಿತಂತೆ. ಹೋಗಿ ನೋಡಿದರೆ ಎಡಗಡೆ ಆಕ್ಸಲ್ ನಾಲ್ಕು ಬೆರಳು ಹಿಂದೆ ಸರಿದಿದೆ. ಸೆಂಟರ್ ಬೋಲ್ಟ್ ಕತ್ತರಿಸಿದ ಸೌತೆಕಾಯಿ ಹಾಗೆ ತುಂಡಾಗಿತ್ತು. ಟೈರ್ ಬಾಡಿಗೆ ತಿಕ್ಕಿ ಹೊಗೆ ಬರುತ್ತಿತ್ತು. ಚಿಕ್ಕು ಬೇರೆ ಗಾಡಿಗೆ ಹೇರಿಸಿ ಕಳಿಸಿದ ಬಾಡಿಗೆ ನಾನೇ ಕೊಟ್ಟೆ. ಒಂದು ಸಲ ಜೋರಾಗಿ ಬಿಗಿದು ಬಿಚ್ಚಿದ ಯು ಬೋಲ್ಟಿನ ಹಲ್ಲು ಹಿಗ್ಗಿರುತ್ತದೆ. ಮತ್ತೆ ಬಿಗಿದಾಗ ಪಾನಾಕ್ಕೆ ಬಿಗಿಯಾದ ಹಾಗೆ ಅನಿಸುತ್ತದೆ, ಹಿಡಿತ ಮಾತ್ರ ಬಂದಿರುವುದಿಲ್ಲ. ಆಗ ಆಕ್ಸಲ್ಲಿನ ದೂಡಾಟವೆಲ್ಲ ಸೆಂಟರ್ ಬೋಲ್ಟ್ ಮೇಲೆ. ಅದು ಪಾಟಾಗಳನ್ನು ಜೋಡಿಸಿ, ಜಾಗ ತೋರಿಸಲು ಇರೋದು. ಹೊರೆ ತಡೆಯಲು ಅಲ್ಲ.

ಮನೆ ಮುಂದೆ ಮಾಡಬಹುದಾ? ನೆಲ ಸಿಮೆಂಟಿನದ್ದಾಗಿದ್ದರೆ, ಎರಡು ಗಟ್ಟಿ ಸ್ಟ್ಯಾಂಡ್, ಎರಡು ಜಾಕ್, ಜೊತೆಗೊಬ್ಬರು ಇದ್ದರೆ ಮಾಡಬಹುದು. ಮಣ್ಣಿನ ಅಂಗಳ ಇದ್ದರೆ ಬೇಡ. ಸ್ಟ್ಯಾಂಡ್ ಬದಲು ಇಟ್ಟಿಗೆ, ಸೈಜುಗಲ್ಲು ಜೋಡಿಸುವ ಅಭ್ಯಾಸ ನಮ್ಮಲ್ಲಿ ಇದೆ. ಇಟ್ಟಿಗೆ ಮೊದಲೇ ಹೇಳಿ ಪುಡಿಯಾಗುವುದಿಲ್ಲ.

ಹಿಂದಿನ ರಾತ್ರಿಯೇ ಎಲ್ಲ ನಟ್ಟಿಗೂ ಡೀಸೆಲ್ ಅಥವಾ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಗಾಡಿ ಖಾಲಿ ಇರಲಿ. ಮುಂದಿನ ಗಾಲಿಗಳಿಗೆ ಹಿಂದೆ ಮುಂದೆ ಎರಡೂ ಕಡೆ ಅಡೆ ಕೊಡಿ. ಹಿಂದಿನ ಗಾಲಿ ಎತ್ತಿದ ಮೇಲೆ ಹ್ಯಾಂಡ್‌ಬ್ರೇಕನ್ನೂ ಗೇರನ್ನೂ ನಂಬಬೇಡಿ, ಅವೆರಡೂ ಹಿಡಿಯೋದು ಹಿಂದಿನ ಗಾಲಿಯನ್ನೇ. ಪಾಟಾದ ಮುಂದಿನ ಹ್ಯಾಂಗರ್‌ಗಿಂತ ಸ್ವಲ್ಪ ಮುಂದೆ ಚಾಸಿ ಕೆಳಗೆ ಸ್ಟ್ಯಾಂಡ್ ಕೊಡಿ. ಆಕ್ಸಲ್ ಕೆಳಗೆ ಇನ್ನೊಂದು ಜಾಕ್ ಇರಲಿ. ಗಾಲಿ ಬಿಚ್ಚಿ, ಶಾಕ್ ಅಬ್ಸಾರ್ಬರಿನ ಕೆಳಗಿನ ಬೋಲ್ಟ್ ತೆಗೆದು, ಆಕ್ಸಲ್ಲನ್ನು ನಿಧಾನ ಇಳಿಸುತ್ತಾ ಬನ್ನಿ. ಪಾಟಾ ಮೇಲೆ ಒತ್ತಡ ಇಲ್ಲದ ಮಟ್ಟ ಒಂದು ಬರುತ್ತದೆ, ಶ್ಯಾಕಲ್ ಕೈಯಲ್ಲಿ ಅಲುಗಾಡಿದರೆ ಅದೇ. ಅಲ್ಲಿಗೆ ನಿಲ್ಲಿಸಿ. ಇನ್ನೂ ಇಳಿಸಿದರೆ ಬ್ರೇಕಿನ ರಬ್ಬರ್ ಪೈಪ್ ಆಕ್ಸಲ್ಲಿನ ಭಾರಕ್ಕೆ ಜೋತು ಬೀಳುತ್ತದೆ.

ಕೆಲವು ಗಾಡಿಗಳಲ್ಲಿ ಚಾಸಿಯಿಂದ ಆಕ್ಸಲ್‌ಗೆ ಒಂದು ಸಣ್ಣ ಕಡ್ಡಿ ಅಥವಾ ಸ್ಪ್ರಿಂಗ್ ಇಳಿದಿರುತ್ತದೆ. ಹೊರೆ ನೋಡಿ ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಕೊಡಬೇಕು ಅಂತ ತೀರ್ಮಾನಿಸುವ ವಾಲ್ವಿನ ಕಡ್ಡಿ ಅದು. ಅದನ್ನು ಬಗ್ಗಿಸಬೇಡಿ, ಕತ್ತರಿಸಬೇಡಿ. ಹೊಸ ಪಾಟಾ ಹಾಕಿ ಗಾಡಿ ಎದ್ದು ನಿಂತರೆ ಆ ವಾಲ್ವು ಗಾಡಿ ಖಾಲಿ ಅಂದುಕೊಂಡು ಹಿಂದಿನ ಬ್ರೇಕು ಕಡಿಮೆ ಮಾಡುತ್ತದೆ. ಪಾಟಾ ಕೆಲಸ ಮುಗಿದ ಮೇಲೆ ಅದನ್ನು ಸರಿ ಹೊಂದಿಸಿಕೊಳ್ಳಲೇಬೇಕು. ಇದನ್ನು ಮರೆಯುವ ಮೆಕ್ಯಾನಿಕ್‌ಗಳೇ ಜಾಸ್ತಿ.

ಯು ಬೋಲ್ಟ್ ಹೇಗೂ ಹಾಳು, ಬಿಚ್ಚಲು ಒದ್ದಾಡಬೇಡಿ, ಕಟರ್‌ನಿಂದ ಕತ್ತರಿಸಿ. ಮುಂದಿನ ಬೋಲ್ಟ್, ಹಿಂದಿನ ಶ್ಯಾಕಲ್ ತೆಗೆದು ಸೆಟ್ ಇಳಿಸಿ. ಇಳಿಸುವ ಮೊದಲು ಯಾವುದು ಮುಂದಿನ ತುದಿ ಅಂತ ಚಾಕ್‌ಪೀಸಿನಲ್ಲಿ ಬಾಣ ಬರೆಯಿರಿ. ಸೆಂಟರ್ ಬೋಲ್ಟ್ ಹೆಸರಿಗೆ ಸೆಂಟರ್. ಎಷ್ಟೋ ಗಾಡಿಗಳಲ್ಲಿ ಅದು ಸರಿಯಾಗಿ ನಡುವೆ ಇರುವುದಿಲ್ಲ, ಮುಂದಿನ ಅರ್ಧ ಸ್ವಲ್ಪ ಗಿಡ್ಡ, ಹಿಂದಿನದು ಉದ್ದ. ಸೆಟ್ ತಿರುವುಮುರುವು ಹಾಕಿದರೆ ಆಕ್ಸಲ್ಲೇ ಆ ವ್ಯತ್ಯಾಸದಷ್ಟು ಸರಿಯುತ್ತದೆ. ಹಳೇ ಸೆಟ್ ಬಿಚ್ಚಬೇಕಾದರೆ ಸೆಂಟರ್ ಬೋಲ್ಟ್ ತೆಗೆಯುವ ಮುಂಚೆ ಎರಡು ಗಟ್ಟಿ ಕ್ಲ್ಯಾಂಪ್ ಹಾಕಿಕೊಳ್ಳಿ. ಬೋಲ್ಟ್ ಬಿಟ್ಟ ಕೂಡಲೇ ಪಾಟಾಗಳು ಪುಸ್ತಕ ಬಿಚ್ಚಿಕೊಂಡ ಹಾಗೆ ಹಾರುತ್ತವೆ. ಬೆರಳು ಹೋದವರಿದ್ದಾರೆ.

ಹೊಸದು ಕೊಳ್ಳಲು ಹೋಗುವಾಗ ಹಳೇ ಸೆಟ್ ಜೊತೆಯಲ್ಲೇ ಒಯ್ಯಿರಿ. ಗಾಡಿ ಮಾಡೆಲ್ ಹೇಳಿದರೆ ಸಾಲದು. ಒಂದೇ ಮಾಡೆಲ್ಲಿಗೆ ಬೇರೆ ಬೇರೆ ವರ್ಷ ಬೇರೆ ಸೆಟ್ ಬಂದಿರುತ್ತದೆ, ನಿಮ್ಮದರಲ್ಲಿ ಹಿಂದೆ ಯಾರೋ ಏನೋ ಬದಲಾಯಿಸಿರಲೂಬಹುದು. ಅಗಲ, ಒಂದೊಂದರ ದಪ್ಪ, ಎಷ್ಟು ಪಾಟಾ, ಸೆಂಟರ್ ತೂತಿನಿಂದ ಎರಡೂ ಸುರುಳಿಗೆ ಎಷ್ಟು ದೂರ, ಸುರುಳಿಯ ಒಳಗಿನ ಅಳತೆ, ಇಷ್ಟು ಹೊಂದಬೇಕು. ನಮ್ಮ ಕಡೆ ಪಾಟಾ ಕಿಲೋ ಲೆಕ್ಕದಲ್ಲೂ ಮಾರುತ್ತಾರೆ. ತೂಕ ಜಾಸ್ತಿ ಬಂದಿದ್ದೇ ಒಳ್ಳೆಯದು ಅಂದುಕೊಳ್ಳಬೇಡಿ, ದಪ್ಪದ ಲೆಕ್ಕ ಆಗಲೇ ಹೇಳಿದೆನಲ್ಲ.

ಗುಜರಿಯಿಂದ ಸೆಟ್ ತರುವುದಾದರೆ ಒಂದು ಹಳೇ ಪರೀಕ್ಷೆ ಮಾಡಿ. ಪಾಟಾ ಬಿಡಿಬಿಡಿಯಾಗಿ ಬಿಚ್ಚಿ, ವೈರ್ ಬ್ರಷ್ ಹೊಡೆದು, ಸೀಮೆಎಣ್ಣೆಯಲ್ಲಿ ಒಂದು ರಾತ್ರಿ ನೆನೆಹಾಕಿ. ಸೀಮೆಎಣ್ಣೆ ಸಿಗದಿದ್ದರೆ ಡೀಸೆಲ್ ಆಯಿತು. ಬೆಳಿಗ್ಗೆ ಬಟ್ಟೆಯಲ್ಲಿ ಒರೆಸಿ ಪೂರ್ತಿ ಒಣಗಿಸಿ, ಮೇಲೆ ಚಾಕ್‌ಪೀಸ್ ಪುಡಿ ತೆಳ್ಳಗೆ ಹಚ್ಚಿ. ತುದಿಯಲ್ಲಿ ಸುತ್ತಿಗೆಯಿಂದ ಎರಡು ಸಲ ಮೆತ್ತಗೆ ತಟ್ಟಿ ಹತ್ತು ನಿಮಿಷ ಬಿಡಿ. ಬಿರುಕಿದ್ದರೆ ಒಳಗೆ ಇಳಿದ ಎಣ್ಣೆ ಮೇಲೆ ಬಂದು ಬಿಳಿ ಪುಡಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ತೂತಿನ ಸುತ್ತ, ಸುರುಳಿಯ ಬುಡದಲ್ಲಿ ಕಣ್ಣಿಟ್ಟು ನೋಡಿ. ಹಗ್ಗಕ್ಕೆ ನೇತುಹಾಕಿ ತಟ್ಟುವುದೂ ಒಂದು ಕ್ರಮ: ಚೆನ್ನಾಗಿರುವ ಪಾಟಾ ಗಂಟೆ ಹಾಗೆ ಠಣ್ ಅಂತ ಎಳೆಯುತ್ತದೆ, ಬಿರುಕಿರುವುದು ಒಡೆದ ಮಡಕೆ ಹಾಗೆ ದಬ್ ಅನ್ನುತ್ತದೆ. ಗೆರೆಯ ಪರೀಕ್ಷೆ ಅದಕ್ಕಿಂತ ನಂಬಿಕೆಯದ್ದು.

ಕೂರಿಸುವಾಗ ನಾಲ್ಕು ಕಡೆ ತಪ್ಪಾಗುತ್ತದೆ. ಸೆಂಟರ್ ಬೋಲ್ಟಿನ ತಲೆ ಆಕ್ಸಲ್ ಮೇಲಿನ ಸೀಟಿನ ತೂತಿನೊಳಗೆ ಪೂರ್ತಿ ಕೂರಬೇಕು. ಅಂಚಿಗೆ ಹತ್ತಿ ಕೂತಿದ್ದರೂ ಯು ಬೋಲ್ಟ್ ಬಿಗಿಯಬಹುದು, ಮೊದಲ ಗುಂಡಿಗೆ ಅದು ಜಾರಿ ಒಳಗೆ ಬೀಳುತ್ತದೆ, ನಾಲ್ಕೂ ನಟ್ ಒಮ್ಮೆಲೇ ಸಡಿಲ. ಬ್ಯಾಟರಿ ಹಿಡಿದು ಬಗ್ಗಿ ನೋಡಿ. ಎರಡನೆಯದು, ಸೀಟಿನ ಮೇಲೆ ಹಳೇ ತುಕ್ಕು, ಹೊಸ ಪಾಟಾ ಮೇಲೆ ದಪ್ಪ ಬಣ್ಣ ಇದ್ದರೆ ಕೆರೆದು ತೆಗೆಯಿರಿ. ಬಣ್ಣದ ಮೇಲೆ ಬಿಗಿದರೆ ವಾರದಲ್ಲಿ ಬಣ್ಣ ಜಜ್ಜಿಹೋಗಿ ಅಷ್ಟೇ ಸಡಿಲವಾಗುತ್ತದೆ. ಮೂರನೆಯದು, ಯು ಬೋಲ್ಟಿನ ನಾಲ್ಕು ನಟ್ಟನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಬನ್ನಿ. ಗಾಡಿಯ ಪುಸ್ತಕದಲ್ಲಿ ಎಷ್ಟು ಟಾರ್ಕ್, ಅಂದರೆ ಎಷ್ಟು ಬಲದಲ್ಲಿ ಬಿಗಿಯಬೇಕು ಅಂತ ಇರುತ್ತದೆ, ಟಾರ್ಕ್ ಪಾನಾ ಅರ್ಧ ಗಂಟೆಗೆ ಎರವಲು ತಂದರೂ ಪರವಾಗಿಲ್ಲ. ಪಾನಾಕ್ಕೆ ಮಾರುದ್ದ ಪೈಪ್ ತೂರಿಸಿ ಇಬ್ಬರು ಹತ್ತಿ ನಿಂತು ಬಿಗಿದರೆ ಹೊಸ ಬೋಲ್ಟೂ ಅಲ್ಲೇ ಹಿಗ್ಗುತ್ತದೆ.

ನಾಲ್ಕನೆಯದು ಎಲ್ಲರೂ ಮಾಡುವ ತಪ್ಪು. ಬುಷ್ ರಬ್ಬರಿನದ್ದಾಗಿದ್ದರೆ ಹ್ಯಾಂಗರ್, ಶ್ಯಾಕಲ್ ಬೋಲ್ಟುಗಳನ್ನು ಗಾಡಿ ಎತ್ತಿದ ಸ್ಥಿತಿಯಲ್ಲಿ ಪೂರ್ತಿ ಬಿಗಿಯಬಾರದು. ಕೈಬಿಗಿ ಮಾಡಿ, ಗಾಲಿ ಹಾಕಿ, ಗಾಡಿ ನೆಲಕ್ಕಿಳಿಸಿ, ಭಾರ ಪಾಟಾ ಮೇಲೆ ಕೂತ ಮೇಲೆ ಬಿಗಿಯಬೇಕು. ರಬ್ಬರ್ ಬುಷ್ ತಿರುಗುವುದಿಲ್ಲ, ತಿರುಚಿಕೊಳ್ಳುತ್ತದೆ. ಎತ್ತಿದಾಗ ಬಿಗಿದರೆ ಇಳಿಸಿದ ಕ್ಷಣದಿಂದಲೇ ಅದು ತಿರುಚಿಕೊಂಡೇ ಇರುತ್ತದೆ, ಆರು ತಿಂಗಳಿಗೆ ಹರಿದು ಈಚೆ ಬರುತ್ತದೆ. ಜನ ಬುಷ್ ಡೂಪ್ಲಿಕೇಟ್ ಅಂತ ಬೈಯುತ್ತಾರೆ. ರಬ್ಬರಿಗೆ ಗ್ರೀಸ್ ಹಚ್ಚಬೇಡಿ, ಉಬ್ಬಿ ಮೆತ್ತಗಾಗುತ್ತದೆ. ಲೋಹದ ಬುಷ್, ಪಿನ್ನಿಗೆ ಗ್ರೀಸ್ ನಿಪ್ಪಲ್ ಇರುವ ಗಾಡಿಯಾದರೆ ಉಲ್ಟಾ: ಗ್ರೀಸ್ ಇಲ್ಲದಿದ್ದರೆ ಅದು ಬದುಕುವುದಿಲ್ಲ.

ಪಾಟಾಗಳ ನಡುವೆ ಗ್ರ್ಯಾಫೈಟ್ ಗ್ರೀಸ್ ತೆಳ್ಳಗೆ ಹಚ್ಚಬಹುದು. ತುದಿಗಳಲ್ಲಿ ಪ್ಲಾಸ್ಟಿಕ್ ತುಂಡು ಇರುವ ಸೆಟ್‌ಗೆ ಬೇಡ. ಗಾಡಿ ತೊಳೆಸುವಾಗ ಹಳೇ ಇಂಜಿನ್ ಆಯಿಲ್ ಸಿಂಪಡಿಸುತ್ತಾರಲ್ಲ, ಅದು ಎರಿ ಧೂಳಿನ ಜೊತೆ ಸೇರಿ ಅರೆಯುವ ಪೇಸ್ಟ್ ಆಗುತ್ತದೆ. ನಾನಂತೂ ಸಿಂಪಡಿಸಲು ಬಿಡುವುದಿಲ್ಲ.

ಎಲ್ಲ ಆದ ಮೇಲೆ ಟೇಪು ಹಿಡಿಯಿರಿ. ಸಮ ನೆಲದಲ್ಲಿ ಸ್ಟಿಯರಿಂಗ್ ನೇರ ಇಟ್ಟು, ಎಡಗಡೆ ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿಗೆ ಎಷ್ಟು, ಬಲಗಡೆ ಎಷ್ಟು ಅಂತ ಅಳೆಯಿರಿ. ಎರಡೂ ಒಂದೇ ಬರಬೇಕು. ಬರದಿದ್ದರೆ ಸೆಂಟರ್ ಬೋಲ್ಟ್ ಸೀಟಿನಲ್ಲಿ ಕೂತಿಲ್ಲ, ಇಲ್ಲಾ ಸೆಟ್ ತಿರುವುಮುರುವಾಗಿದೆ. ಖಾಲಿ ಗಾಡಿಯಲ್ಲಿ ಮೆಲ್ಲಗೆ ಒಂದು ಸುತ್ತು ಹೋಗಿ ಬ್ರೇಕ್ ನೋಡಿಕೊಳ್ಳಿ. ಮೊದಲ ಹೊರೆಯ ಟ್ರಿಪ್ ಮುಗಿಸಿ ಬಂದ ದಿನವೇ ಯು ಬೋಲ್ಟ್ ಮತ್ತೆ ಬಿಗಿಯಿರಿ, ಆಮೇಲೆ 500 ಕಿಲೋಮೀಟರಿಗೆ ಇನ್ನೊಮ್ಮೆ. ಹೊಸ ಸೆಟ್ ಹೊರೆಗೆ ಒತ್ತಿಕೊಂಡು ಕೂರುವಾಗ ಖಂಡಿತ ಸ್ವಲ್ಪ ಸಡಿಲ ಬರುತ್ತದೆ. ನಿಮ್ಮ ಹಿಂದಿನ ಎರಡು ರಿಪೇರಿಯಲ್ಲಿ ತಪ್ಪಿದ್ದು ಇದೇ ಹತ್ತು ನಿಮಿಷದ ಕೆಲಸ ಅಂತ ನನ್ನ ಅಂದಾಜು.

ಗ್ಯಾರೇಜಿಗೆ ಕೊಟ್ಟು ಮಾಡಿಸಿದರೂ ಸರಿ, ಪಕ್ಕದಲ್ಲೇ ನಿಲ್ಲಿ. ಹಳೇ ಯು ಬೋಲ್ಟ್ ಎತ್ತಿಕೊಂಡು ಬ್ರಷ್ ಹೊಡೆಯಲು ಶುರು ಮಾಡಿದರೆ ತಡೆಯಿರಿ.

ಅಲ್ಲಿಯವರೆಗೆ ಗಾಡಿ ಓಡಿಸಬಹುದಾ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮೇನ್ ಪಾಟಾ ಗಟ್ಟಿ ಇರುವುದರಿಂದ ಖಾಲಿ ಗಾಡಿಯನ್ನು ಮುಧೋಳದವರೆಗೆ ನಿಧಾನವಾಗಿ ತರಬಹುದು. ಒಂದು ಚೀಲ ಗೊಬ್ಬರವೂ ಬೇಡ. ಮೇನ್ ಪಾಟಾನೂ ಹೋದರೆ ಆಕ್ಸಲ್ಲನ್ನು ಹಿಡಿದಿಡುವವರೇ ಯಾರೂ ಇಲ್ಲ, ಆಗ ಗಾಡಿ ಎಳೆಸಿಕೊಂಡೇ ಬರಬೇಕು.

ಬಲಗಡೆ ಸೆಟ್ ಬಿಚ್ಚಿದಾಗ ಅದರ ಎರಡನೇ ಪಾಟಾಕ್ಕೂ ಸೀಮೆಎಣ್ಣೆ, ಚಾಕ್‌ಪೀಸಿನ ಪರೀಕ್ಷೆ ಮಾಡಿ. ತೂತಿನ ಪಕ್ಕ ಗೆರೆ ಮೂಡುತ್ತದೆ ಅಂತಲೇ ನನ್ನ ಎಣಿಕೆ. ಮೂಡಿದರೂ ಮೂಡದಿದ್ದರೂ ಫೋಟೋ ಕಳಿಸಿ.